ದಿನನಿತ್ಯದ ಸುಸ್ತು: ಕಾರಣ ಹುಡುಕುವುದರಿಂದ ಚೇತರಿಕೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಮಲಗಬೇಕೆನಿಸುವುದು, ಮಧ್ಯಾಹ್ನ ಕಳೆಯುವಷ್ಟರಲ್ಲಿ ಕಣ್ಣು ಎಳೆಯುವುದು, ಸಂಜೆ ಮನೆಗೆ ಬಂದರೆ ಮಾತನಾಡಲೂ ಮನಸ್ಸಿಲ್ಲದಿರುವುದು. ಮೂವತ್ತು ದಾಟಿದವರಲ್ಲಿ ಇದನ್ನು ಹೇಳಿಕೊಳ್ಳದವರು ಅಪರೂಪ. ಹೇಳಿಕೊಂಡರೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. 'ವಯಸ್ಸಾಯಿತಲ್ಲ' ಎನ್ನುತ್ತಾರೆ, ಇಲ್ಲವೇ 'ಎಲ್ಲರಿಗೂ ಇದ್ದದ್ದೇ' ಎನ್ನುತ್ತಾರೆ. ಈ ಎರಡು ಉತ್ತರಗಳ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ಕೇಳಲು ಸಮಾಧಾನದಂತಿದ್ದರೂ ಅವು ಚಿಕಿತ್ಸೆಗೆ ಬಗ್ಗುವ ಕಾಯಿಲೆಗಳನ್ನು ವರ್ಷಗಟ್ಟಲೆ ಮುಚ್ಚಿಡುತ್ತವೆ.

ವಯಸ್ಸಿನ ವಾದವನ್ನೇ ನೋಡಿ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು ಅಳೆದ ಅಧ್ಯಯನವೊಂದು 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಹದ ಗಾತ್ರ ಮತ್ತು ಸ್ನಾಯುವಿನ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 20ರಿಂದ 60 ವರ್ಷದವರೆಗೆ ದೇಹ ಶಕ್ತಿಯನ್ನು ಬಳಸುವ ವೇಗ ಬಹುತೇಕ ಒಂದೇ ಆಗಿರುತ್ತದೆ ಎಂದು ಅದು ತೋರಿಸಿತು. ನಲವತ್ತಕ್ಕೆ ಚಯಾಪಚಯ ಕುಸಿಯುವುದಿಲ್ಲ. ಕುಸಿಯುವುದು ಬೇರೆ ಯಾವುದೋ. ಅದು ನಿದ್ದೆ ಇರಬಹುದು, ರಕ್ತ ಇರಬಹುದು, ಥೈರಾಯ್ಡ್ ಇರಬಹುದು, ಮೈ ಬಗ್ಗಿಸುವ ಅಭ್ಯಾಸ ತಪ್ಪಿರಬಹುದು, ಒಬ್ಬರು ಹೊರಬಹುದಾದುದಕ್ಕಿಂತ ಹೆಚ್ಚಿನ ಹೊಣೆ ಹೆಗಲೇರಿರಬಹುದು. ಇವುಗಳಲ್ಲಿ ಯಾವುದು ಎಂದು ತಿಳಿಯದೆ ಮಾಡುವ ಉಪಾಯಗಳು ಹೆಚ್ಚಾಗಿ ವ್ಯರ್ಥ, ಕೆಲವು ಹಾನಿಕರವೂ ಹೌದು. ಆದ್ದರಿಂದ ಈ ಬರಹದ ಅರ್ಧ ಭಾಗ ಕಾರಣ ಹುಡುಕುವುದಕ್ಕೇ ಮೀಸಲು.

ಮೊದಲು, ಕಾಯಬಾರದ ಸಂದರ್ಭಗಳು

ಸುಸ್ತಿನ ಜೊತೆಗೆ ಎದೆನೋವು ಅಥವಾ ಎದೆ ಒತ್ತಿದಂತಾಗುವುದು, ವಿಶ್ರಾಂತಿಯಲ್ಲೂ ಏದುಸಿರು, ಪ್ರಜ್ಞೆ ತಪ್ಪುವುದು, ಒಂದು ಬದಿಯ ಕೈಕಾಲಿನಲ್ಲಿ ಬಲ ಹೋಗುವುದು, ಮಲ ಡಾಂಬರಿನಂತೆ ಕಪ್ಪಾಗುವುದು ಕಂಡರೆ ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಮಹಿಳೆಯರಲ್ಲಿ ಹೃದಯಾಘಾತವು ಕೆಲವೊಮ್ಮೆ ತೀವ್ರ ಎದೆನೋವಿಲ್ಲದೆ, ಹಿಂದೆಂದೂ ಇಲ್ಲದ ಆಯಾಸ, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವಾಗಿಯೇ ಬರುತ್ತದೆ. ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಲಗಿಬಿಡಬೇಡಿ.

ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಕತ್ತು ಅಥವಾ ಕಂಕುಳಲ್ಲಿ ಗಂಟು ಇದ್ದರೆ ಆ ವಾರದಲ್ಲೇ ವೈದ್ಯರನ್ನು ಕಾಣಿ. ಬದುಕುವುದೇ ಬೇಡ ಎಂಬ ಆಲೋಚನೆ ಸುಳಿಯುತ್ತಿದ್ದರೆ ಒಬ್ಬರೇ ಇರಬೇಡಿ. ಹತ್ತಿರದವರಿಗೆ ಈಗಲೇ ಹೇಳಿ, ಇಂದೇ ವೈದ್ಯಕೀಯ ನೆರವು ಪಡೆಯಿರಿ.

ಹಂತ 1: ಎರಡು ವಾರ ಬರೆದಿಡಿ

ಸುಸ್ತಾದವರ ನೆನಪು ಸುಸ್ತಿನ ಪರವಾಗಿಯೇ ಸಾಕ್ಷಿ ಹೇಳುತ್ತದೆ. 'ಯಾವಾಗಲೂ ಹೀಗೇ' ಎನಿಸುತ್ತದೆ. ಬರೆದು ನೋಡಿದರೆ ಯಾವಾಗಲೂ ಹಾಗಿರುವುದಿಲ್ಲ. ಆ ಏರಿಳಿತದಲ್ಲೇ ಸುಳಿವು ಇರುತ್ತದೆ. ಚಿಕ್ಕ ಪುಸ್ತಕವೊಂದು ಸಾಕು. ದಿನಕ್ಕೆ ಇಷ್ಟು ಬರೆದರೆ ಆಯಿತು:

"ಮಂಗಳವಾರ. 11.40ಕ್ಕೆ ಮಲಗಿದೆ, ಒಮ್ಮೆ ಎಚ್ಚರ, 6.15ಕ್ಕೆ ಎದ್ದೆ. ಸುಸ್ತು: ಬೆಳಿಗ್ಗೆ 10ಕ್ಕೆ ನಾಲ್ಕು, ಮಧ್ಯಾಹ್ನ 3ಕ್ಕೆ ಎಂಟು, ರಾತ್ರಿ 8ಕ್ಕೆ ಆರು. ಚಹಾ 7ಕ್ಕೆ, 11ಕ್ಕೆ, 4.30ಕ್ಕೆ. ಇಡೀ ದಿನ ಕುರ್ಚಿಯಲ್ಲೇ. ಮುಟ್ಟಿನ ಎರಡನೇ ದಿನ. ಸಭೆ ಮುಗಿದ ಮೇಲೆ ತಲೆ ಭಾರ."

ಸೊನ್ನೆಯಿಂದ ಹತ್ತರವರೆಗಿನ ಅಂಕವನ್ನು ಆಯಾ ಹೊತ್ತಿಗೇ ಹಾಕಬೇಕು. ರಾತ್ರಿ ಕುಳಿತು ಮೂರನ್ನೂ ಒಟ್ಟಿಗೆ ಬರೆದರೆ ಮೂರೂ ಒಂದೇ ಆಗಿಬಿಡುತ್ತವೆ. ಸೇವಿಸುವ ಮಾತ್ರೆಗಳನ್ನೂ ಬರೆದಿಡಿ. ಶೀತ ಮತ್ತು ಅಲರ್ಜಿಯ ಕೆಲವು ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು, ಕೆಲವು ನೋವುನಿವಾರಕಗಳು ಮತ್ತು ಖಿನ್ನತೆಯ ಔಷಧಗಳು ಮಂಪರು ಅಥವಾ ಸುಸ್ತು ತರುತ್ತವೆ. ಹಾಗೆಂದು ನೀವೇ ನಿಲ್ಲಿಸಬೇಡಿ. ಬರೆದುಕೊಂಡು ವೈದ್ಯರಿಗೆ ತೋರಿಸಿ.

ಎರಡು ವಾರದ ನಂತರ ಮೂರು ವಿಷಯ ಗಮನಿಸಿ. ರಜೆಯ ದಿನಗಳಲ್ಲಿ ಅಂಕ ಇಳಿದಿದೆಯೇ? ಒಳ್ಳೆಯ ನಿದ್ದೆಯ ಮರುದಿನ ಇಳಿದಿದೆಯೇ? ಹೆಚ್ಚು ಓಡಾಡಿದ ದಿನ ಇಳಿಯಿತೇ, ಏರಿತೇ, ಅಥವಾ ಮರುದಿನ ಏರಿತೇ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಮುಂದೆ ಬಹಳ ಮುಖ್ಯವಾಗುತ್ತದೆ.

ಹಂತ 2: ಯಾವ ಬಗೆಯ ಸುಸ್ತು?

ನಿಮ್ಮನ್ನು ನೀವೇ ಹೀಗೆ ಕೇಳಿಕೊಳ್ಳಿ. ಈಗ ಕತ್ತಲೆ ಕೋಣೆಯಲ್ಲಿ ಹಾಸಿಗೆ ಕೊಟ್ಟರೆ ಹತ್ತು ನಿಮಿಷದಲ್ಲಿ ನಿದ್ದೆ ಹೋಗುತ್ತೀರಾ, ಅಥವಾ ಮೈ ಸೋತಿದ್ದರೂ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತೀರಾ? ಮೊದಲನೆಯದು ನಿದ್ದೆಯ ಕೊರತೆ ಅಥವಾ ನಿದ್ದೆಯ ಕಾಯಿಲೆಯತ್ತ ಕೈತೋರುತ್ತದೆ. ಎರಡನೆಯದಕ್ಕೆ ಕಾರಣ ಹಲವು. ಈ ಒಂದು ಪ್ರಶ್ನೆ ಬಿಡಿಸುವಷ್ಟು ಗೊಂದಲವನ್ನು ಬೇರೆ ಯಾವ ಪ್ರಶ್ನೆಯೂ ಬಿಡಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮಂಪರನ್ನು ಅಳೆಯಲು ವೈದ್ಯರು ಎಪ್‌ವರ್ತ್ ಮಾಪಕ ಎಂಬ ಎಂಟು ಪ್ರಶ್ನೆಗಳ ಪಟ್ಟಿಯನ್ನು 1991ರಿಂದ ಬಳಸುತ್ತಿದ್ದಾರೆ. ಓದುವಾಗ, ಟಿ.ವಿ. ನೋಡುವಾಗ, ವಾಹನದಲ್ಲಿ ಪ್ರಯಾಣಿಸುವಾಗ ತೂಕಡಿಕೆ ಬರುವ ಸಾಧ್ಯತೆ ಎಷ್ಟು ಎಂಬಂಥ ಪ್ರಶ್ನೆಗಳು ಅದರಲ್ಲಿವೆ. 24ಕ್ಕೆ 10 ದಾಟಿದರೆ ಹಗಲಿನ ನಿದ್ದೆ ಮಿತಿ ಮೀರಿದೆ ಎಂದರ್ಥ.

ನಿದ್ದೆ ಬರುವುದಿಲ್ಲ, ಆದರೆ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಕಾಲು ಸೋಲುತ್ತದೆ ಎಂದರೆ ರಕ್ತಹೀನತೆ, ಹೃದಯ, ಶ್ವಾಸಕೋಶ ಇವುಗಳ ಕಡೆ ನೋಡಬೇಕು. ಮೈ ಚೆನ್ನಾಗಿಯೇ ಇದೆ, ಆದರೆ ಒಂದು ಸಣ್ಣ ನಿರ್ಧಾರಕ್ಕೂ ತಲೆ ಓಡುವುದಿಲ್ಲ, ಯಾರಾದರೂ ಏನಾದರೂ ಕೇಳಿದರೆ ರೇಗುತ್ತದೆ ಎಂದರೆ ಮನಸ್ಸಿನ ಮೇಲಿನ ಹೊರೆ ಹೆಚ್ಚಿದೆ. ಎರಡು ವಾರಕ್ಕೂ ಮೀರಿ, ಮೊದಲು ಖುಷಿ ಕೊಡುತ್ತಿದ್ದುದು ಯಾವುದೂ ಈಗ ಖುಷಿ ಕೊಡುತ್ತಿಲ್ಲ, ಬೆಳಗಿನ ಜಾವವೇ ಎಚ್ಚರವಾಗಿ ಮನಸ್ಸು ಕುಗ್ಗಿರುತ್ತದೆ ಎಂದಾದರೆ ಖಿನ್ನತೆಯ ಸಾಧ್ಯತೆ ಇದೆ. ಖಿನ್ನತೆಯಿರುವ ಅನೇಕರು ವೈದ್ಯರ ಬಳಿ 'ದುಃಖ' ಎಂದು ಹೇಳುವುದೇ ಇಲ್ಲ, 'ಸುಸ್ತು' ಎಂದಷ್ಟೇ ಹೇಳುತ್ತಾರೆ. ಅದು ಸೋಮಾರಿತನವಲ್ಲ. ಚಿಕಿತ್ಸೆ ಇರುವ ಕಾಯಿಲೆ.

ಒಬ್ಬರಲ್ಲೇ ಎರಡು ಮೂರು ಬಗೆ ಬೆರೆತಿರುವುದು ಸಾಮಾನ್ಯ. ಆಗ ಹೆಚ್ಚು ಕಾಡುವುದನ್ನು ಮೊದಲು ಹಿಡಿಯಿರಿ.

ಹಂತ 3: ವೈದ್ಯರ ಬಳಿ ಹೋಗುವುದು, ಸರಿಯಾಗಿ ಹೇಳುವುದು

ಎರಡು ಮೂರು ವಾರ ಚೆನ್ನಾಗಿ ವಿಶ್ರಾಂತಿ ಪಡೆದರೂ ಸುಸ್ತು ಇಳಿಯದಿದ್ದರೆ ಪರೀಕ್ಷೆ ಮಾಡಿಸಿಕೊಳ್ಳುವುದೇ ಸರಿ. 'ಸುಸ್ತಾಗುತ್ತದೆ ಡಾಕ್ಟರೇ' ಎಂದಷ್ಟೇ ಹೇಳಿದರೆ ಒಂದು ಟಾನಿಕ್ ಬರೆದುಕೊಡುವ ಸಾಧ್ಯತೆ ಹೆಚ್ಚು. ಹೋಲಿಕೆಯೊಡನೆ ಹೇಳಿ: "ಮೂರು ತಿಂಗಳ ಹಿಂದೆ ಎರಡು ಮಹಡಿ ನಿಲ್ಲದೆ ಹತ್ತುತ್ತಿದ್ದೆ, ಈಗ ಒಂದು ಮಹಡಿಗೇ ನಿಲ್ಲಬೇಕಾಗುತ್ತದೆ. ಎಂಟು ಗಂಟೆ ಮಲಗಿದರೂ ಎದ್ದಾಗ ತಲೆನೋವು. ಮುಟ್ಟಿನ ಸ್ರಾವ ಮೊದಲಿಗಿಂತ ಹೆಚ್ಚಾಗಿದೆ." ಇಂಥ ನಾಲ್ಕು ವಾಕ್ಯಗಳಿಂದ ವೈದ್ಯರಿಗೆ ದಾರಿ ಕಾಣುತ್ತದೆ. ನಿಮ್ಮ ಎರಡು ವಾರದ ಪುಸ್ತಕವನ್ನೂ ಮುಂದಿಡಿ.

ಸಾಮಾನ್ಯವಾಗಿ ಮೊದಲ ಸುತ್ತಿನಲ್ಲಿ ಮಾಡಿಸುವ ಪರೀಕ್ಷೆಗಳು ಹೆಚ್ಚಿಲ್ಲ: ಸಂಪೂರ್ಣ ರಕ್ತಕಣಗಳ ಎಣಿಕೆ, ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ರಕ್ತದ ಸಕ್ಕರೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ. ಲಕ್ಷಣ ನೋಡಿ ಬಿ12, ವಿಟಮಿನ್ ಡಿ ಸೇರಿಸುತ್ತಾರೆ. ಗರ್ಭಧಾರಣೆಯ ಸಾಧ್ಯತೆಯಿದ್ದರೆ ಅದರ ಪರೀಕ್ಷೆಯೂ ಬೇಕು.

ಇವುಗಳಲ್ಲಿ ಕಬ್ಬಿಣಾಂಶದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಟ್ಟಾಗುವ ವಯಸ್ಸಿನ ಮಹಿಳೆಯರಲ್ಲಿ ಇದನ್ನು ತೀರಾ ಹಗುರವಾಗಿ ಕಾಣಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ ಪುರುಷರಲ್ಲಿ 13 ಗ್ರಾಂ, ಗರ್ಭಿಣಿಯಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಆದರೆ ಹಿಮೋಗ್ಲೋಬಿನ್ ಇಳಿಯುವುದು ಕೊನೆಯಲ್ಲಿ. ಅದಕ್ಕೂ ಮೊದಲೇ ದೇಹದ ಕಬ್ಬಿಣದ ದಾಸ್ತಾನು ಬರಿದಾಗುತ್ತಾ ಬಂದಿರುತ್ತದೆ. ಆ ದಾಸ್ತಾನನ್ನು ಹೇಳುವುದು ಫೆರಿಟಿನ್. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಗ್ಗಿದ್ದ ಮಹಿಳೆಯರಿಗೆ ಕಬ್ಬಿಣಾಂಶ ಕೊಟ್ಟಾಗ ಸುಸ್ತು ಇಳಿದದ್ದನ್ನು ವೈದ್ಯಕೀಯ ಪ್ರಯೋಗಗಳು ತೋರಿಸಿವೆ. ಆದ್ದರಿಂದ 'ಹಿಮೋಗ್ಲೋಬಿನ್ ನಾರ್ಮಲ್' ಎಂಬ ಉತ್ತರ ಬಂದರೆ ಫೆರಿಟಿನ್ ಎಷ್ಟಿದೆ ಎಂದು ಕೇಳುವ ಹಕ್ಕು ನಿಮಗಿದೆ. ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ನುಂಗಬೇಡಿ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಪುರುಷರಲ್ಲಿ ಮತ್ತು ಮುಟ್ಟು ನಿಂತವರಲ್ಲಿ ಕೊರತೆ ಕಂಡರೆ ಮಾತ್ರೆಯಷ್ಟೇ ಸಾಲದು, ಹೊಟ್ಟೆ ಅಥವಾ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕು.

ಚಳಿ ತಡೆಯಲಾಗದಿರುವುದು, ಒಣಚರ್ಮ, ಮಲಬದ್ಧತೆ, ಕೂದಲು ಉದುರುವುದು ಥೈರಾಯ್ಡ್ ಮಂದವಾಗಿರುವುದರ ಸೂಚನೆ ಇರಬಹುದು. ಒಂದು ಮಾತು ಇಲ್ಲಿ ಹೇಳಲೇಬೇಕು. ಕೂದಲಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆಗಳು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ತಪ್ಪಾಗಿ ತೋರಿಸಬಲ್ಲವು. ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ. ಹೆಚ್ಚು ಬಾಯಾರಿಕೆ, ಪದೇ ಪದೇ ಮೂತ್ರ ಎಂದರೆ ಸಕ್ಕರೆ ಕಾಯಿಲೆ ಇರಬಹುದು. ಕೈಕಾಲು ಜುಮ್ಮೆನ್ನುವುದು, ನಾಲಿಗೆ ಉರಿ ಇದ್ದರೆ ಬಿ12 ಕೊರತೆ ಇರಬಹುದು. ಪ್ರಾಣಿಜನ್ಯ ಆಹಾರ ಸೇವಿಸದವರಲ್ಲಿ ಮತ್ತು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆಗಳನ್ನು ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಇದರ ಸಾಧ್ಯತೆ ಹೆಚ್ಚು.

ಎಲ್ಲ ವರದಿಗಳೂ ಸರಿಯಾಗಿ ಬರುವುದು ಸಾಮಾನ್ಯ. ನಿಮ್ಮ ಸುಸ್ತು ಸುಳ್ಳೆಂದು ಅದರ ಅರ್ಥವಲ್ಲ. ಕಾರಣ ರಕ್ತದ ಸೀಸೆಯಲ್ಲಿ ಸಿಗುವಂಥದ್ದಲ್ಲ, ಅಷ್ಟೇ.

ಹಂತ 4: ನಿದ್ದೆಯನ್ನು ಸರಿಪಡಿಸಿ

ವಯಸ್ಕರಿಗೆ ರಾತ್ರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. 'ನನಗೆ ಆರು ಸಾಕು' ಎನ್ನುವವರಿಗೆ 2003ರಲ್ಲಿ ಪ್ರಕಟವಾದ ಪ್ರಯೋಗವೊಂದರ ಫಲಿತಾಂಶ ಹೇಳಬೇಕೆನಿಸುತ್ತದೆ. ಅದರಲ್ಲಿ ಭಾಗವಹಿಸಿದವರನ್ನು ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಲು ಬಿಟ್ಟಾಗ ಅವರ ಗಮನ ಮತ್ತು ಪ್ರತಿಕ್ರಿಯೆಯ ಶಕ್ತಿ, ಒಂದೆರಡು ರಾತ್ರಿ ನಿದ್ದೆಯೇ ಇಲ್ಲದೆ ಕಳೆದವರ ಮಟ್ಟಕ್ಕೆ ಕುಸಿಯಿತು. ಹೆಚ್ಚು ಆತಂಕದ ಸಂಗತಿಯೆಂದರೆ, ತಾವು ಅಷ್ಟು ಕುಸಿದಿರುವುದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಒಗ್ಗಿಹೋಗಿದ್ದೇವೆ ಎಂದುಕೊಂಡಿದ್ದರು. ಸತತ 17 ಗಂಟೆ ಎಚ್ಚರವಾಗಿದ್ದರೆ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇರುವವರಂತಾಗುತ್ತದೆ ಎಂದು 1997ರ ಪ್ರಯೋಗ ತೋರಿಸಿದೆ. ಬೆಳಿಗ್ಗೆ 5ಕ್ಕೆ ಎದ್ದು ರಾತ್ರಿ 10ಕ್ಕೆ ವಾಹನ ಚಲಾಯಿಸುವವರು ಇದನ್ನು ನೆನಪಿಡಬೇಕು.

ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ, ಮಲಗುವ ಹೊತ್ತನ್ನಲ್ಲ. ರಜೆಯ ದಿನವೂ ಒಂದು ಗಂಟೆಗಿಂತ ಹೆಚ್ಚು ಆಚೀಚೆ ಆಗಬಾರದು. ಎದ್ದ ಅರ್ಧ ಗಂಟೆಯೊಳಗೆ ಹೊರಗಿನ ಬೆಳಕಿಗೆ ಬನ್ನಿ. ಮೋಡ ಕವಿದಿದ್ದರೂ ಆಕಾಶದ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಪ್ರಖರ. ದೇಹದ ಗಡಿಯಾರ ಆ ಬೆಳಕನ್ನು ನೋಡಿಯೇ ದಿನವನ್ನು ಲೆಕ್ಕ ಹಾಕುತ್ತದೆ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಾಡುವುದು ಬೇಡ. ಗಡಿಯಾರ ನೋಡದೆ ಅಂದಾಜಿನಲ್ಲಿ ಎದ್ದು, ಮಂದ ಬೆಳಕಿನಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ಮರಳಿ. ಮೊದಲ ವಾರ ಇದು ಕಷ್ಟ, ಇನ್ನಷ್ಟು ಸುಸ್ತೂ ಆಗಬಹುದು. ಆದರೂ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕೆಂದು ವೈದ್ಯರು ಒಪ್ಪಿರುವ ಅರಿವಿನ ವರ್ತನಾ ಚಿಕಿತ್ಸೆಯ ತಿರುಳು ಇಂಥ ಅಭ್ಯಾಸಗಳೇ.

ಮಲಗಿದಾಗಲೇ ನಾಳೆಯ ಕೆಲಸಗಳೆಲ್ಲ ನೆನಪಾಗುತ್ತವೆಯೇ? ಹಾಸಿಗೆಗೆ ಹೋಗುವ ಮುನ್ನ ಐದು ನಿಮಿಷ ಕುಳಿತು ಅವುಗಳ ಪಟ್ಟಿ ಬರೆಯಿರಿ. 2018ರ ಪ್ರಯೋಗವೊಂದರಲ್ಲಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ ಬೇಗ ನಿದ್ದೆ ಹತ್ತಿತ್ತು. ಪಟ್ಟಿ ವಿವರವಾಗಿದ್ದಷ್ಟೂ ಬೇಗ. ನಿದ್ದೆಗೆಂದು ಮದ್ಯ ಕುಡಿಯುವವರು ರಾತ್ರಿಯ ಎರಡನೇ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಗಂಟೆಗಳ ಲೆಕ್ಕ ಸರಿಯಿದ್ದೂ ಬೆಳಿಗ್ಗೆ ತಲೆ ಭಾರ, ಬಾಯಿ ಒಣಗಿರುವುದು, ಹಗಲಿನಲ್ಲಿ ತೂಕಡಿಕೆ ಇದ್ದರೆ ಪಕ್ಕದಲ್ಲಿ ಮಲಗುವವರನ್ನು ಕೇಳಿ. ಜೋರು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಏದುಸಿರಿನೊಡನೆ ಶುರುವಾಗುವುದನ್ನು ಅವರು ಕಂಡಿದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಗಂಟಲಿನ ದಾರಿ ಕುಸಿದು ಉಸಿರು ಕಟ್ಟಿದಾಗಲೆಲ್ಲ ಮಿದುಳು ಕ್ಷಣಕಾಲ ಎಚ್ಚರಗೊಳ್ಳುತ್ತದೆ. ನಿಮಗೆ ಅದರ ನೆನಪೂ ಇರುವುದಿಲ್ಲ. ದಪ್ಪಗಿರುವವರಿಗೆ ಮಾತ್ರ ಬರುವ ಕಾಯಿಲೆ ಎಂಬುದು ತಪ್ಪು ಕಲ್ಪನೆ. ರಾತ್ರಿಯ ನಿದ್ರಾ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಹುದು, ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರದಿಂದ ಅನೇಕರ ಹಗಲು ಬದಲಾಗುತ್ತದೆ.

ಹಂತ 5: ಚಹಾ, ಕಾಫಿ, ಊಟ

ನಾವು ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗಿ ನಿದ್ದೆಯ ಒತ್ತಡ ತರುತ್ತದೆ. ಚಹಾ, ಕಾಫಿಯಲ್ಲಿರುವ ಕೆಫೀನ್ ಆ ಅಡೆನೋಸಿನ್ ಕೂರಬೇಕಾದ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಅದು ಸಾಲ ಕೊಟ್ಟವರು ಬಾಗಿಲು ತಟ್ಟುವಾಗ ಚಿಲಕ ಹಾಕಿಕೊಂಡಂತೆ. ಸಾಲ ತೀರುವುದಿಲ್ಲ. ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದ ಕಾಫಿಯ ಕೆಫೀನ್‌ನ ಅರ್ಧ ಭಾಗ ರಾತ್ರಿ 10ಕ್ಕೂ ಒಳಗೇ ಇರುತ್ತದೆ. ಗರ್ಭಿಣಿಯರಲ್ಲಿ ಇನ್ನೂ ನಿಧಾನ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್, ಗರ್ಭಿಣಿಯರಿಗೆ 200 ಮಿಲಿಗ್ರಾಂ ಮಿತಿ. ಕೊನೆಯ ಲೋಟವನ್ನು ಮಧ್ಯಾಹ್ನದೊಳಗೆ ಮುಗಿಸಿ. ಒಮ್ಮೆಲೇ ಬಿಟ್ಟರೆ ಮೊದಲ ಕೆಲವು ದಿನ ತಲೆನೋವು, ಕಿರಿಕಿರಿ, ಇನ್ನಷ್ಟು ಸುಸ್ತು ಬರುವುದರಿಂದ ವಾರಕ್ಕೊಂದು ಲೋಟದಂತೆ ಇಳಿಸಿ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಆಹಾರದ ಕಬ್ಬಿಣಾಂಶ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಬ್ಬಿಣದ ಕೊರತೆಯಿರುವವರು ಒಂದು ಗಂಟೆಯಾದರೂ ಅಂತರ ಕೊಡಲಿ.

ಊಟದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಹೊತ್ತಿಗೆ ಸರಿಯಾಗಿ, ಕಾಳು, ಮೊಟ್ಟೆ, ಹಾಲು, ಮಾಂಸ ಇವುಗಳಲ್ಲಿ ನಿಮಗೆ ಒಗ್ಗುವ ಯಾವುದಾದರೂ ಪ್ರೋಟೀನ್ ಇರುವಂತೆ ಉಣ್ಣಿ. ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಬೇಡ. ತೂಕ ಇಳಿಸಲೆಂದು ತೀರಾ ಕಡಿಮೆ ತಿನ್ನುವವರ ಸುಸ್ತಿಗೆ ಕಾರಣ ಅವರ ತಟ್ಟೆಯಲ್ಲೇ ಇರುತ್ತದೆ. ಕೊರತೆ ಇಲ್ಲದವರಿಗೆ ಶಕ್ತಿವರ್ಧಕ ವಿಟಮಿನ್‌ಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಹಂತ 6: ಸ್ವಲ್ಪವೇ ನಡೆಯಿರಿ, ಆದರೆ ಮೊದಲು ಇದನ್ನು ಓದಿ

ಹೆಚ್ಚು ಓಡಾಡಿದ ದಿನವಲ್ಲ, ಅದರ ಮರುದಿನ ಅಥವಾ ಎರಡನೇ ದಿನ ನೀವು ಹಾಸಿಗೆ ಹಿಡಿಯುತ್ತೀರಾ? ಸಣ್ಣ ಕೆಲಸ, ದೀರ್ಘ ಮಾತುಕತೆ ಕೂಡ ನಿಮ್ಮನ್ನು ದಿನಗಟ್ಟಲೆ ಕೆಡವುತ್ತದೆಯೇ? ಹಾಗಿದ್ದರೆ ವ್ಯಾಯಾಮದಿಂದ ಸರಿಹೋಗುತ್ತದೆ ಎಂಬ ಸಲಹೆ ನಿಮಗಲ್ಲ. ಇದು ಎಂಇ/ಸಿಎಫ್‌ಎಸ್ ಎಂದು ಕರೆಯುವ, ದೀರ್ಘಕಾಲ ತೀವ್ರ ಆಯಾಸ ತರುವ ಕಾಯಿಲೆಯ ಮುಖ್ಯ ಲಕ್ಷಣ. ಕೋವಿಡ್ ನಂತರ ಅನೇಕರಲ್ಲಿ ಇದು ಕಂಡಿದೆ. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆಯನ್ನು ಈ ಕಾಯಿಲೆಯವರಿಗೆ ಕೊಡಬಾರದೆಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಸ್ಪಷ್ಟವಾಗಿ ಹೇಳಿತು. ಇಂಥವರು ತಮ್ಮ ಮಿತಿಯ ಒಳಗೇ ಉಳಿದು, ಸುಸ್ತಾಗುವ ಮೊದಲೇ ಕುಳಿತುಕೊಂಡು, ಕೆಲಸವನ್ನು ತುಂಡು ತುಂಡಾಗಿ ಮಾಡಬೇಕು. ಮನೆಯವರು 'ಸ್ವಲ್ಪ ಎದ್ದು ಓಡಾಡು' ಎಂದು ಒತ್ತಾಯಿಸುವುದನ್ನು ನಿಲ್ಲಿಸಬೇಕು. ಇದನ್ನು ಅವರಿಗೆ ಓದಿ ಹೇಳಿ.

ಈ ಲಕ್ಷಣ ಇಲ್ಲದವರಿಗೆ ಮಾತ್ರ ನಡಿಗೆ ನಿಜಕ್ಕೂ ಔಷಧ. 2008ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಸದಾ ಸುಸ್ತೆನ್ನುತ್ತಿದ್ದ, ವ್ಯಾಯಾಮದ ಅಭ್ಯಾಸವಿಲ್ಲದ ಯುವಜನರಿಗೆ ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷದಂತೆ ಆರು ವಾರ ಸೈಕಲ್ ತುಳಿಸಿದರು. ಸುಸ್ತು ಹೆಚ್ಚು ಇಳಿದದ್ದು ನಿಧಾನವಾಗಿ ತುಳಿದವರಲ್ಲಿ. ಆದ್ದರಿಂದ ಬೆವರು ಸುರಿಸುವ ಗುರಿ ಬೇಡ. ಹತ್ತು ನಿಮಿಷ, ಮಾತನಾಡುತ್ತಾ ನಡೆಯಬಹುದಾದ ವೇಗ, ಊಟದ ನಂತರ ಆದರೆ ಇನ್ನೂ ಒಳ್ಳೆಯದು. ಒಗ್ಗಿದ ಮೇಲೆ ವಾರಕ್ಕೆ 150 ನಿಮಿಷದವರೆಗೆ ಏರಿಸಿ, ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಏಳುವುದೂ ಆರಂಭಕ್ಕೆ ಸಾಕು.

ಹಂತ 7: ಹೊರೆಯನ್ನೇ ಇಳಿಸುವುದು

ಮೇಲಿನದೆಲ್ಲವನ್ನೂ ಸರಿಯಾಗಿ ಮಾಡಿದರೂ ಸುಸ್ತು ಹೋಗದವರಿದ್ದಾರೆ. ಅವರ ನಿದ್ದೆಯಲ್ಲಿ ದೋಷವಿಲ್ಲ, ರಕ್ತದಲ್ಲಿ ದೋಷವಿಲ್ಲ. ಅವರ ದಿನಚರಿಯಲ್ಲಿ ಇಬ್ಬರ ಕೆಲಸವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ವಿವರಿಸುವಾಗ, ನಿಭಾಯಿಸಲಾಗದ ದೀರ್ಘಕಾಲದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದು ಹೇಳಿತು. ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ಮಾಡಿದ್ದು ಯಾವುದೂ ಸಾರ್ಥಕವಲ್ಲ ಎಂಬ ಭಾವ ಇವು ಅದರ ಮೂರು ಮುಖಗಳು. ಇದಕ್ಕೆ ಧ್ಯಾನದ ಆ್ಯಪ್ ಉತ್ತರವಲ್ಲ. ಕೆಲಸದ ಪ್ರಮಾಣ, ಅವಧಿ ಅಥವಾ ಹಂಚಿಕೆ ಬದಲಾಗಬೇಕು. ಮೇಲಧಿಕಾರಿಯ ಬಳಿ ಹೋಗುವಾಗ 'ತುಂಬಾ ಕೆಲಸ' ಎನ್ನುವ ಬದಲು ಕೈಯಲ್ಲಿರುವ ಕೆಲಸಗಳ ಪಟ್ಟಿಯನ್ನು ಮುಂದಿಟ್ಟು, ಯಾವುದನ್ನು ಮೊದಲು ಮುಗಿಸಬೇಕು, ಯಾವುದನ್ನು ಬಿಡಬಹುದು ಎಂದು ಕೇಳಿ.

ಮನೆಯ ಕೆಲಸದಲ್ಲಿ ಕಣ್ಣಿಗೆ ಕಾಣದ ಭಾಗವೊಂದಿದೆ. ಮಗುವಿನ ಲಸಿಕೆಯ ದಿನ, ಅಪ್ಪನ ಮಾತ್ರೆ ಮುಗಿಯುವ ದಿನ, ನಾಳೆಗೆ ಏನು ಅಡುಗೆ ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವುದೂ ಒಂದು ಕೆಲಸ. ಬಹುಪಾಲು ಮನೆಗಳಲ್ಲಿ ಅದು ಒಬ್ಬ ಹೆಣ್ಣುಮಗಳ ತಲೆಯಲ್ಲೇ ಇರುತ್ತದೆ. ಒಂದು ವಾರ ಅದನ್ನೆಲ್ಲ ಕಾಗದದ ಮೇಲೆ ಇಳಿಸಿ, ಮನೆಯವರೆಲ್ಲ ಕೂತಾಗ ತೋರಿಸಿ. ಹಂಚುವಾಗ ಕೆಲಸವನ್ನು ಮಾತ್ರವಲ್ಲ, ನೆನಪಿಡುವ ಹೊಣೆಯನ್ನೂ ಹಂಚಿ. 'ಹೇಳಿದರೆ ಮಾಡುತ್ತೇನೆ' ಎಂಬುದರಿಂದ ಅರ್ಧ ಭಾರವೂ ಇಳಿಯುವುದಿಲ್ಲ.

ಕಚೇರಿಯಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಜಿಗಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆ. ಸಂದೇಶಗಳನ್ನು ದಿನಕ್ಕೆ ಮೂರು ನಾಲ್ಕು ಗೊತ್ತಾದ ಹೊತ್ತಿನಲ್ಲಿ ನೋಡಲು ಸಾಧ್ಯವಾದರೆ ಸಂಜೆಯ ತಲೆಭಾರದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಎಷ್ಟು ದಿನ ಕಾಯಬೇಕು?

ಏಳು ಹಂತಗಳನ್ನೂ ಒಂದೇ ಸೋಮವಾರ ಆರಂಭಿಸಬೇಡಿ. ಒಂದು ಬದಲಾವಣೆ, ಎರಡು ವಾರ, ಪುಸ್ತಕದಲ್ಲಿ ಅಂಕ. ಇಳಿದರೆ ಉಳಿಸಿಕೊಳ್ಳಿ, ಇಲ್ಲವಾದರೆ ಮುಂದಿನದಕ್ಕೆ ಹೋಗಿ. ಕಾಫಿ ಕಡಿಮೆ ಮಾಡಿದ ಫಲ ಒಂದೆರಡು ವಾರಗಳಲ್ಲಿ ಗೊತ್ತಾಗುತ್ತದೆ. ನಿದ್ದೆಯ ಹೊತ್ತು ಕೂಡಿಬರಲು ಮೂರು ನಾಲ್ಕು ವಾರ ಬೇಕು. ನಡಿಗೆಗೆ ಆರು ವಾರ ಕೊಡಿ. ಥೈರಾಯ್ಡ್ ಮಾತ್ರೆ ಶುರು ಮಾಡಿದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಬೇಕು. ಕಬ್ಬಿಣದ ಮಾತ್ರೆಯಿಂದ ಹಿಮೋಗ್ಲೋಬಿನ್ ಸರಿಹೋದ ಕೂಡಲೇ ಅನೇಕರು ನಿಲ್ಲಿಸಿಬಿಡುತ್ತಾರೆ, ಕೆಲವು ತಿಂಗಳಲ್ಲಿ ಮತ್ತೆ ಅದೇ ಸ್ಥಿತಿಗೆ ಬರುತ್ತಾರೆ. ದಾಸ್ತಾನು ತುಂಬಲು ಆಮೇಲೆಯೂ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವ ಮೊದಲು ಫೆರಿಟಿನ್ ಮತ್ತೊಮ್ಮೆ ಪರೀಕ್ಷಿಸಲು ವೈದ್ಯರನ್ನು ಕೇಳಿ. ಮೂರು ತಿಂಗಳಾದರೂ ಅಂಕ ಕದಲದಿದ್ದರೆ ಅದೇ ಪುಸ್ತಕ ಹಿಡಿದು ಮತ್ತೆ ವೈದ್ಯರ ಬಳಿ ಹೋಗಿ, ನಿದ್ರಾ ಪರೀಕ್ಷೆ ಬೇಕೇ, ಮನೋವೈದ್ಯರನ್ನು ಕಾಣಬೇಕೇ, ಸೇವಿಸುತ್ತಿರುವ ಮಾತ್ರೆಗಳಲ್ಲಿ ಯಾವುದನ್ನಾದರೂ ಬದಲಿಸಬಹುದೇ ಎಂಬ ಮೂರು ಪ್ರಶ್ನೆಗಳನ್ನು ನೇರವಾಗಿ ಕೇಳಿ.